ಹೂವಿನ ಅಂಗಿ ತೊಡುವುದು ತಪ್ಪೇ?



ಅಗಲ ಕಾಲರು, ಗಿಡ್ಡ ತೋಳು, ಮೈತುಂಬ ತೆಂಗಿನ ಗರಿ, ದಾಸವಾಳ, ಗಿಳಿ, ಕಡಲ ತೆರೆ. ಇಂಥ ಅಂಗಿ ತೊಟ್ಟ ಹುಡುಗ ರೋಣ, ನರಗುಂದದ ಕಡೆ ಭಾನುವಾರದ ಪೂಜೆಗೆ ಬಂದರೆ ಹಿರಿಯರು ಸುಮ್ಮನಿರುತ್ತಾರೆಯೇ? “ಏನೋ ತಮ್ಮಾ, ತ್ವಾಟಾನ ಹೊತ್ಕೊಂಡು ಬಂದೀಯಲ್ಲೋ!” ಎನ್ನುತ್ತಾರೆ. “ಈಗಿನ ಫ್ಯಾಷನ್ ಅಜ್ಜಾ” ಎಂದು ಹುಡುಗ ನಗುತ್ತಾನೆ. ಅಜ್ಜನಿಗೆ ಅದು ದೇವಾಲಯಕ್ಕೆ ಒಪ್ಪದ ಬಟ್ಟೆ. ಮೊಮ್ಮಗನಿಗೆ ಬರೀ ಬಟ್ಟೆ. ಯಾರ ಮಾತು ಸರಿ?

ಉಡುಪಿನ ಈ ಪ್ರಶ್ನೆಯನ್ನು ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲೇ ಎತ್ತಿಕೊಂಡಿದ್ದರು. ಅವರ ವಿಚಾರ ಸರಳ. ತಪ್ಪು ಬಟ್ಟೆಯಲ್ಲಿಲ್ಲ, ಅದನ್ನು ಮಿತಿಮೀರಿ ಬಳಸುವ ಮನುಷ್ಯನಲ್ಲಿದೆ. ನಮ್ಮ ಸುತ್ತಲಿನ ಜನರ ರೂಢಿಯನ್ನು ತುಳಿದು ಮೆರೆಯುವುದು ಒಂದು ತಪ್ಪಾದರೆ, ಉಡುಪಿನ ಬಗ್ಗೆ ತೀರ ಅಸಡ್ಡೆಯೂ ಇನ್ನೊಂದು ತಪ್ಪು. ಹಾಗಾದರೆ ಬಣ್ಣ ಪಾಪವಲ್ಲ. ಹೊಲಕ್ಕೆ ಸೂರ್ಯಕಾಂತಿಯ ಹಳದಿಯನ್ನು ಕೊಟ್ಟ ದೇವರು ಬಣ್ಣವನ್ನು ದ್ವೇಷಿಸುವವನಲ್ಲ. ಹುಡುಗನನ್ನು ಅಂಗಿಯೊಂದರ ಕಾರಣಕ್ಕೆ ದೇವಾಲಯದ ಬಾಗಿಲಲ್ಲಿ ನಾಚಿಸಬೇಕಾಗಿಲ್ಲ.

ಆದರೂ “ಬರೀ ಬಟ್ಟೆ” ಎಂಬ ಮಾತನ್ನು ಒಪ್ಪುವುದು ಕಷ್ಟ. ಯಾವ ಬಟ್ಟೆಯೂ ಬರೀ ಬಟ್ಟೆಯಲ್ಲ. ಈ ಅಂಗಿಯ ಕಥೆಯನ್ನೇ ನೋಡಿ.

ಇದರ ತವರು ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳು. ಕಥೋಲಿಕರಿಗೆ ಆ ಹೆಸರು ಹೊಸದಲ್ಲ. ಕುಷ್ಠರೋಗಿಗಳ ಸೇವೆಗೆಂದು 1873ರಲ್ಲಿ ಮೊಲೊಕಾಯಿಗೆ ಹೋಗಿ, ಅದೇ ರೋಗ ತಗಲಿ 1889ರಲ್ಲಿ ಪ್ರಾಣಬಿಟ್ಟ ಸಂತ ದಾಮಿಯನ್ನರ ಕರ್ಮಭೂಮಿ ಅದು. ಅಲ್ಲಿನ ಮೂಲನಿವಾಸಿಗಳು ಮರದ ತೊಗಟೆಯನ್ನು ಬಡಿದು ‘ಕಾಪಾ’ ಎಂಬ ಬಟ್ಟೆ ಮಾಡಿ, ಅದರ ಮೇಲೆ ಚಿತ್ತಾರ ಒತ್ತುತ್ತಿದ್ದರು. ಮುಂದೆ ಕಬ್ಬಿನ ತೋಟಗಳಿಗೆ ಚೀನಾ, ಜಪಾನ್, ಪೋರ್ಚುಗಲ್, ಫಿಲಿಪೈನ್ಸ್‌ಗಳಿಂದ ಕೂಲಿಕಾರರು ಬಂದರು. 1930ರ ದಶಕದಲ್ಲಿ ಹೊನೊಲುಲು ನಗರದ ದರ್ಜಿಗಳು ಜಪಾನಿ ಕಿಮೋನೊ ಬಟ್ಟೆಯಿಂದ ಬಣ್ಣಬಣ್ಣದ ಅಂಗಿ ಹೊಲಿದರು. ಅದಕ್ಕೆ ‘ಅಲೋಹಾ ಅಂಗಿ’ ಎಂಬ ಹೆಸರು ಬಿತ್ತು. ಅಲೋಹಾ ಎಂದರೆ ಪ್ರೀತಿ. ಬಂದವರಿಗೂ ಹೋಗುವವರಿಗೂ ಹೇಳುವ ನಮಸ್ಕಾರವೂ ಅದೇ. ದ್ವೀಪದವರು ಇಂದು ಅದನ್ನು ಕಚೇರಿಗೂ ದೇವಾಲಯಕ್ಕೂ ತೊಟ್ಟು ಹೋಗುತ್ತಾರೆ. ಎರಡನೆಯ ಮಹಾಯುದ್ಧದ ಸೈನಿಕರು, ಪ್ರವಾಸಿಗರು, 1961ರ ‘ಬ್ಲೂ ಹವಾಯಿ’ ಚಲನಚಿತ್ರ, ಇವೆಲ್ಲ ಸೇರಿ ಅದನ್ನು ಲೋಕಕ್ಕೆ ಹಂಚಿದವು.

ಬಡ ಕೂಲಿಕಾರರ ಹಲವು ಉಡುಪುಗಳು ಬೆರೆತು ಒಂದು ಅಂಗಿಯಾದದ್ದು ಸುಂದರ ಸಂಗತಿ. ಆದರೆ ಅದೇ ದ್ವೀಪಗಳ ರಾಣಿ ಲಿಲಿಯುಒಕಲಾನಿಯನ್ನು ವಿದೇಶಿ ಮೂಲದ ಧನಿಕರು 1893ರಲ್ಲಿ ಸಿಂಹಾಸನದಿಂದ ಇಳಿಸಿದರು; 1898ರಲ್ಲಿ ನಾಡು ಅಮೆರಿಕದ ವಶವಾಯಿತು. ಆ ನೆಲದ ಹೂವು ಅಂಗಿಯ ಮೇಲೆ ಕೂತು ಜಗತ್ತು ಸುತ್ತುವ ಹೊತ್ತಿಗೆ ನೆಲವೇ ಮೂಲನಿವಾಸಿಗಳ ಕೈತಪ್ಪಿತ್ತು. ಚಿತ್ರ ಎಲ್ಲರಿಗೂ ಬೇಕಾಯಿತು, ಜನ ಬೇಕಾಗಲಿಲ್ಲ.

ಕಡಲು ಕಾಣದ ನಮ್ಮ ಎರೆಸೀಮೆಗೆ ಈ ಕಥೆ ಯಾಕೆ? ಗಜೇಂದ್ರಗಡದ ಕೈಮಗ್ಗಗಳನ್ನು ನೆನೆಯಿರಿ. ಚೌಕಳಿ ಮೈಯ ‘ಪಟ್ಟೇದ ಅಂಚು’ ಸೀರೆ ಅಲ್ಲಿಯದು. ನೆರೆಯ ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಬೇಕು. ಗುಳೇದಗುಡ್ಡದ ಖಣದಲ್ಲಿ ಹೂವು ಅಚ್ಚಾಗುವುದಿಲ್ಲ, ನೇಯ್ಗೆಯಲ್ಲೇ ಮೂಡುತ್ತದೆ. ಮಗಳ ಉಡಿ ತುಂಬುವಾಗ ತಾಯಿ ಇಡುವುದು ಇದೇ ಖಣವನ್ನು. ಈಚೆಗೆ ಪಟ್ಟಣದ ತರುಣರು ಖಣದಲ್ಲೇ ಅಂಗಿ, ಜುಬ್ಬಾ ಹೊಲಿಸಿಕೊಳ್ಳುತ್ತಿದ್ದಾರೆ. ಒಂದರ್ಥದಲ್ಲಿ ಇದು ನಮ್ಮದೇ ಅಲೋಹಾ ಅಂಗಿ! ಸಂತೋಷವೇ. ಆದರೆ ಅದೇ ಚಿತ್ತಾರವನ್ನು ಪಾಲಿಸ್ಟರ್ ಮೇಲೆ ಅಚ್ಚೊತ್ತಿ ಅಗ್ಗಕ್ಕೆ ಮಾರುವುದೂ ನಡೆದಿದೆ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲೇ ಬಂದಿದೆ. ಕಾಯಿದೆ ಮಾರುವವನನ್ನು ಹಿಡಿಯಬಹುದು. ಕೊಳ್ಳುವವನ ಮನಸ್ಸಾಕ್ಷಿಯನ್ನು ಎಚ್ಚರಿಸಲಾರದು.

“ಬಡವರು ಅಗ್ಗದ್ದನ್ನು ಕೊಳ್ಳದೆ ಏನು ಮಾಡಬೇಕು ಸ್ವಾಮಿ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ದಿನಗೂಲಿಯಲ್ಲಿ ಮಕ್ಕಳಿಗೆ ಬಟ್ಟೆ ತರುವ ತಾಯಿಯ ಮೇಲೆ ಯಾವ ದೋಷವೂ ಇಲ್ಲ. ದೋಷ ಅಚ್ಚಿನ ಬಟ್ಟೆಯನ್ನು ಕೈಮಗ್ಗದ್ದೆಂದು ಮಾರುವವನದು. ದೊಡ್ಡ ಅಂಗಡಿಯಲ್ಲಿ ಹೇಳಿದ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟು, ನೇಕಾರನ ಮನೆಬಾಗಿಲಲ್ಲಿ ಐವತ್ತು ರೂಪಾಯಿಗೆ ಜಗ್ಗಾಡುವ ಅನುಕೂಲಸ್ಥರದೂ ಹೌದು. ಪ್ರತಿಯೊಬ್ಬನಿಗೂ ಅವನವನ ಪಾಲನ್ನು ಸಲ್ಲಿಸುವುದೇ ನ್ಯಾಯ ಎಂಬುದು ಹಳೆಯ ಪಾಠ. ದುಡಿಯುವವನ ಕೂಲಿ ಅವನ ಬದುಕಿಗೆ ಸಾಲುವಂತಿರಬೇಕೆಂದು ವಿಶ್ವಗುರು 13ನೆಯ ಲಿಯೋರವರು 1891ರಲ್ಲೇ ಸಾರಿದರು. ಇದು ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವನಿಗೂ ಅನ್ವಯಿಸುತ್ತದೆ.

ಇತರರ ಚಿತ್ತಾರವನ್ನು ತೊಡುವುದು ಕಳವಲ್ಲ. ಚಿತ್ತಾರಕ್ಕೆ ಬೇಲಿಯಿಲ್ಲ, ಹವಾಯಿಯ ದರ್ಜಿಗಳೂ ಎರವಲು ಪಡೆದವರೇ. ಆದರೆ ಎರವಲು ತಂದವನು ಯಾರ ಮನೆಯದೆಂದು ನೆನಪಿಡುತ್ತಾನೆ. ಕಳವು ಮಾಡಿದವನು ಅದನ್ನು ಮರೆಸುತ್ತಾನೆ.

ಆದಿಕಾಂಡದ ಜೋಸೆಫನ ಕಥೆ ನಿಮಗೆ ಗೊತ್ತು. ಅಣ್ಣಂದಿರು ಅವನನ್ನು ಮಾರಿ, ಅವನ ಚೆಂದದ ನಿಲುವಂಗಿಯನ್ನು ರಕ್ತದಲ್ಲಿ ಅದ್ದಿ ತಂದೆಗೆ ಕಳಿಸಿದರು. ಅಂಗಿ ಮನೆಗೆ ಬಂತು, ಮಗ ಬರಲಿಲ್ಲ. ಶಿಲುಬೆಯ ಬುಡದಲ್ಲಿಯೂ ಹಾಗೆಯೇ. ಯೇಸುಸ್ವಾಮಿಯ ಒಳಅಂಗಿಗೆ ಹೊಲಿಗೆ ಇರಲಿಲ್ಲ, ಅದನ್ನು ಒಂದೇ ಸಮನೆ ನೇಯಲಾಗಿತ್ತು. ಸೈನಿಕರು ಆ ನೇಯ್ಗೆಯ ಬೆಲೆಯನ್ನು ಸರಿಯಾಗಿ ಅರಿತರು, ಹರಿಯದೆ ಚೀಟಿ ಹಾಕಿದರು. ಅದನ್ನು ತೊಟ್ಟಿದ್ದ ಮನುಷ್ಯನ ಬೆಲೆ ಮಾತ್ರ ಅವರಿಗೆ ತಿಳಿಯಲಿಲ್ಲ.

ಮುಂದಿನ ಮದುವೆಗೆ ಬಟ್ಟೆ ತರುವಾಗ ಬಣ್ಣ, ಬೆಲೆಗಳ ಜೊತೆಗೆ ಇನ್ನೊಂದನ್ನೂ ಕೇಳಿ: “ಇದನ್ನು ನೇಯ್ದವರು ಯಾರು? ಅವರಿಗೆ ಎಷ್ಟು ಸಿಕ್ಕಿತು?” ಉತ್ತರ ಸಿಗದಿದ್ದರೂ ಚಿಂತೆಯಿಲ್ಲ. ಹತ್ತು ಮನೆಯವರು ಕೇಳತೊಡಗಿದರೆ ಅಂಗಡಿಯವನೂ ಕೇಳಲೇಬೇಕಾಗುತ್ತದೆ.