ಎಕರೆಗೆ ಎಷ್ಟು ಚೀಲ?

ಊರು ಬಿಟ್ಟು ಪುಣೆ, ಹೈದರಾಬಾದ್ ಸೇರಿದ ನಮ್ಮಂಥವರು ಸುಗ್ಗಿಯಲ್ಲಿ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ, ‘ಎಕರೆಗೆ ಎಷ್ಟು ಚೀಲ ಬಂತು?’ ಹೆಚ್ಚು ಬಂದಿದ್ದರೆ ಒಳ್ಳೆಯ ಒಕ್ಕಲುತನ, ಕಡಿಮೆಯಾದರೆ ಎಲ್ಲೋ ಲೋಪವಾಗಿದೆ ಎಂದುಕೊಳ್ಳುತ್ತೇವೆ. ಆದರೆ ಆ ಚೀಲದಲ್ಲಿ ಯಾರ ಯಾರ ಪಾಲಿದೆ? ಲೆಕ್ಕದ ಪ್ರಶ್ನೆಗಿಂತ ಇದು ನ್ಯಾಯದ ಪ್ರಶ್ನೆ ಎಂದೇ ನನಗನ್ನಿಸುತ್ತದೆ.

1950ರ ದಶಕದ ಕೃಷಿ ನಿರ್ವಹಣಾ ಅಧ್ಯಯನಗಳಲ್ಲಿ ಒಂದು ಸಂಗತಿ ಕಂಡುಬಂತು: ಹಿಡುವಳಿ ಚಿಕ್ಕದಾದಷ್ಟೂ ಎಕರೆವಾರು ಉತ್ಪನ್ನ ಹೆಚ್ಚು. 1962ರಲ್ಲಿ ಅಮರ್ತ್ಯ ಸೇನ್ ಇದನ್ನು ಚರ್ಚೆಗೆ ತಂದರು. ಅವರ ವಿವರಣೆ ಸರಳ. ದೊಡ್ಡ ರೈತ ಕೊಡುವ ಕೂಲಿಯಷ್ಟಾದರೂ ಹುಟ್ಟದ ಕೆಲಸವನ್ನು ಮಾಡಿಸುವುದಿಲ್ಲ. ಸಣ್ಣ ಹೊಲದಲ್ಲಿ ದುಡಿಯುವವರು ಮನೆಯವರೇ, ಅವರಿಗೆ ಕೂಲಿಯಿಲ್ಲ. ಅತ್ತಿಗೆ ಇನ್ನೊಂದು ಸಲ ಕಳೆ ತೆಗೆಯುತ್ತಾಳೆ, ಅಣ್ಣ ರಾತ್ರಿ ನೀರು ಕಟ್ಟುತ್ತಾನೆ. ನಾವು ಹೊಗಳುವ ಇಳುವರಿಯಲ್ಲಿ ಒಂದಷ್ಟು ಅವರ ಬಿಟ್ಟಿ ದುಡಿಮೆ.

ನೀರಿನ ಮಾತೂ ಹಾಗೆಯೇ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದ ಗಂಗಾವತಿ ಭತ್ತದ ಕಣಜವಾಯಿತು; ಕೊನೆ ಭಾಗದ ಮಾನ್ವಿ, ಸಿರವಾರದ ರೈತರು ನೀರಿಗಾಗಿ ರಸ್ತೆಗಿಳಿಯಬೇಕಾಯಿತು. ನೀರಿಲ್ಲದ ಹೊಲಕ್ಕೆ ಹಾಕಿದ ಗೊಬ್ಬರ ಜೂಜು. ಹಾಗಾಗಿ ಮೇಲಿನವನ ಹೆಚ್ಚುವರಿ ಚೀಲದಲ್ಲಿ ಕೆಳಗಿನವನ ನೀರೂ ಇದೆ.

ಗೊಬ್ಬರದ ಪಾಲು ಕಣ್ಣಿಗೆ ಬೀಳುವುದೇ ಇಲ್ಲ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟರು. ರಂಜಕ, ಪೊಟ್ಯಾಷ್ ತುಟ್ಟಿಯಾದವು, ಯೂರಿಯಾ ಅಗ್ಗವಾಗಿಯೇ ಉಳಿಯಿತು. ಅಗ್ಗದ್ದನ್ನೇ ಸುರಿದರೆ ಪೈರು ಹಸಿರಾಗುತ್ತದೆ, ಆದರೆ ಉಳಿದ ಪೋಷಕಾಂಶ ಕೊರತೆಯಾದ ಮಣ್ಣಿನಲ್ಲಿ ಕಾಳು ಅಷ್ಟೇ ಹೆಚ್ಚುವುದಿಲ್ಲ. ಇಂದಿನ ಚೀಲಕ್ಕೆ ನಾಳಿನ ಮಣ್ಣಿನಿಂದ ಸಾಲ ತಂದಂತೆ.

2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಮೂರು ಎಕರೆಯೂ ಇಲ್ಲ. ಅಷ್ಟರಲ್ಲೇ ಊರಲ್ಲಿರುವವನೂ ನಾವೂ ಪಾಲುದಾರರು. ನೆಲದ ಪಾಲು ಹುಟ್ಟಿನಿಂದ ಬಂದದ್ದು. ಅಕ್ಕತಂಗಿಯರಿಗೂ ಅದು ಸಮನಾಗಿ ಸಲ್ಲಬೇಕು. ಬೆಳೆಯ ಪಾಲು ಮಾತ್ರ ಬೇರೆ, ಅದು ದುಡಿಮೆಯಿಂದ ಹುಟ್ಟಿದ್ದು. ಊರಿನವರಿಂದ ಚೀಲದ ಲೆಕ್ಕ ಕೇಳುವ ಮೊದಲು ಅಣ್ಣ, ಅತ್ತಿಗೆಯ ದಿನಗೂಲಿಯನ್ನು ಕಳೆಯೋಣ. ಮಣ್ಣಿಗೆ ಹಿಂದಿರುಗಿಸಬೇಕಾದ ಗೊಬ್ಬರದ ಖರ್ಚನ್ನೂ ಕಳೆಯೋಣ. ಉಳಿದರೆ ಹಂಚಿಕೊಳ್ಳೋಣ. ಬಹಳಷ್ಟು ಮನೆಗಳಲ್ಲಿ ಏನೂ ಉಳಿಯುವುದಿಲ್ಲ. ಸಂಬಳದಿಂದ ನಾವೇ ಕೊಡಬೇಕಾದೀತು.