ಎರಡನೆಯ ಬೀಜ

ಶಿವರಾತ್ರಿ ಕಳೆದ ವಾರ ತಾರಸಿಯ ಉದ್ದ ಕುಂಡದಲ್ಲಿ ಮುಲ್ಲಂಗಿ ಬೀಜ ಬಿತ್ತಿದೆ. ನನ್ನ ಕೈ ಸ್ವಲ್ಪ ಧಾರಾಳ. ನಾಲ್ಕೈದು ದಿನಕ್ಕೆ ಮಣ್ಣೇ ಕಾಣದಂತೆ ಜೋಡಿ ಎಲೆಗಳು ಎದ್ದು ನಿಂತವು. ಬಂದವರಿಗೆಲ್ಲ ತೋರಿಸಿದೆ. ಊರಿನಿಂದ ಬಂದ ಅಮ್ಮ ಮಾತ್ರ, "ಮುಕ್ಕಾಲು ಪಾಲು ಕಿತ್ತುಹಾಕು, ಇಲ್ಲದಿದ್ದರೆ ಒಂದೂ ಗಡ್ಡೆ ಕಟ್ಟಲ್ಲ" ಅಂದರು.

ಅಮ್ಮ ಹೇಳಿದ್ದು ಸರಿ. ಮುಲ್ಲಂಗಿ ದಪ್ಪವಾಗಲು ಗಿಡದಿಂದ ಗಿಡಕ್ಕೆ ನಾಲ್ಕು ಬೆರಳಾದರೂ ಜಾಗ ಬೇಕು. ಟೊಮೆಟೊ ಸಸಿಯಂತೆ ಕಿತ್ತು ಬೇರೆಡೆ ನೆಡೋಣವೆಂದರೆ, ತಾಯಿಬೇರಿಗೆ ಪೆಟ್ಟಾದ ಮುಲ್ಲಂಗಿ ಕವಲೊಡೆದು ಸೊಟ್ಟಗಾಗುತ್ತದೆ.

ಕರಿಬೇವಿನ ಎಲೆ ತಿನ್ನುವ ಹುಳುವನ್ನು ಎತ್ತಿ ಎಸೆಯುವಾಗ ನನಗೊಂದು ಕಾರಣ ಇರುತ್ತದೆ, ಅದು ನನ್ನದನ್ನು ತಿನ್ನುತ್ತಿದೆ ಎಂದು. (ಆ ಹುಳು ನಾಳೆ ಚಿಟ್ಟೆಯಾಗುತ್ತದೆ ಎಂಬುದನ್ನು ಆಗ ನೆನೆಯುವುದಿಲ್ಲ.) ಇಲ್ಲಿ ಅಂಥ ಕಾರಣವೂ ಇಲ್ಲ. ಕೀಳಬೇಕಾದ ಸಸಿಗೆ ರೋಗವಿಲ್ಲ, ಅದು ಕಳೆಯೂ ಅಲ್ಲ. ಪಕ್ಕದ್ದಕ್ಕಿಂತ ಅರ್ಧ ಬೆರಳು ಗಿಡ್ಡ, ಅಷ್ಟೆ. ಕೆಲವು ಕಡೆ ಆ ವ್ಯತ್ಯಾಸವೂ ಇರಲಿಲ್ಲ. ಎಡಗಡೆಯದು ಕೈಗೆ ಸುಲಭವಾಗಿ ಸಿಕ್ಕಿತು. ಯೋಗ್ಯವಾದದ್ದು ಉಳಿಯಿತು ಎಂದು ಹೇಳಿಕೊಳ್ಳುವುದಕ್ಕೂ ಬಾಯಿ ಬರಲಿಲ್ಲ.

ನನ್ನ ಜೈನ ಗೆಳತಿಯ ಮನೆಗೆ ಮುಲ್ಲಂಗಿ ತರುವುದೇ ಇಲ್ಲ. ಸೊಪ್ಪು ಕೊಯ್ದರೆ ಗಿಡ ಮತ್ತೆ ಚಿಗುರೀತು. ಗಡ್ಡೆ ಕಿತ್ತರೆ ಗಿಡವೇ ಹೋಯಿತು, ಜೊತೆಗೆ ಮಣ್ಣಿನ ಸಣ್ಣ ಜೀವಗಳೂ ಎಂಬುದು ಅವರ ಲೆಕ್ಕ. ಅತಿಯಾಯಿತು ಎಂದು ಅವಳನ್ನು ಛೇಡಿಸುತ್ತಿದ್ದವಳು ನಾನೇ. ಈಗ ಸಸಿಗಳ ವಿಷಯ ಹೇಳಿದಾಗ ಅವಳು ನಕ್ಕಳು. "ಕಿತ್ತಿದ್ದಕ್ಕೆ ಬೇಜಾರೇ? ಬಿತ್ತುವಾಗ ಗೊತ್ತಿರಲಿಲ್ವಾ?"

ಗೊತ್ತಿತ್ತು. ಕೀಳುವ ಪಾಪವನ್ನು ಅಮ್ಮನ ಮಾತಿನ ಮೇಲೆ ಹಾಕಿ, ಬಿತ್ತಿದ್ದನ್ನು ನನ್ನ ಧಾರಾಳತನವೆಂದು ಇಟ್ಟುಕೊಂಡಿದ್ದೆ. ಹದವರಿತು ಬಿತ್ತುವವರೂ ಗುಳಿಗೆರಡು ಬೀಜ ಹಾಕುತ್ತಾರೆ, ಒಂದು ಮೊಳೆಯದಿದ್ದರೆ ಇನ್ನೊಂದಿರಲಿ ಎಂದು. ಎರಡೂ ಮೊಳೆತರೆ? ಆ ಎರಡನೆಯದನ್ನು ಮಣ್ಣಿಗೆ ಹಾಕಿದ್ದು ಅದು ಗಿಡವಾಗಲೆಂದಲ್ಲ, ನಮ್ಮ ಭಯಕ್ಕೆ. ಅದು ಮೊಳೆಯದಿದ್ದರೆ ನಮಗೇ ಅನುಕೂಲ.

ಕಿತ್ತ ಸಸಿಗಳನ್ನು ಅಮ್ಮ ತೊಳೆದು, ಬೇಳೆ ಹಾಕಿ ಪಲ್ಯ ಮಾಡಿದರು. ರುಚಿಯಾಗಿತ್ತು, ಎರಡು ಸಲ ಬಡಿಸಿಕೊಂಡೆ. ಹಾಳಾಗಲಿಲ್ಲವಲ್ಲ ಎಂಬ ಸಮಾಧಾನ ಮಾತ್ರ ಹೆಚ್ಚು ಹೊತ್ತು ಉಳಿಯಲಿಲ್ಲ; ಉಪಯೋಗವಾದದ್ದು ನನಗೆ ತಾನೆ?

ಕಳೆದ ಭಾನುವಾರ ಇನ್ನೊಂದು ಕುಂಡದಲ್ಲಿ 20 ಗುಳಿ ಮಾಡಿ ಒಂದೊಂದೇ ಬೀಜ ಇಟ್ಟೆ. 14 ಎದ್ದಿವೆ. ಉಳಿದ 6 ಗುಳಿಗಳ ಮುಂದೆ ದಿನಾ ಬೆಳಿಗ್ಗೆ ಬೀಜದ ಪೊಟ್ಟಣ ಹಿಡಿದು ನಿಲ್ಲುತ್ತೇನೆ.