ಬದುಕುವ ಇಚ್ಛೆಗೆ ಅಳತೆಗೋಲು



ಪವಾಯಿಯ ಎತ್ತರದ ವಸತಿಗಳಲ್ಲಿ ಮಕ್ಕಳೊಡನೆ ನೆಲೆಸಿರುವ ನಮ್ಮ ಹಿರಿಯರಲ್ಲಿ ಅನೇಕರು ಉಡುಪಿ, ಧಾರವಾಡ, ರಾಯಚೂರುಗಳಿಂದ ಬಂದವರು. ಮಗ ಸೊಸೆಯರು ಕೆಲಸಕ್ಕೆ ಹೊರಟ ಮೇಲೆ ಸಂಜೆಯವರೆಗೆ ಮನೆಯಲ್ಲಿ ಮೌನ. ಆಗ ‘ಇನ್ನು ಸಾಕಪ್ಪಾ, ಕೃಷ್ಣ ಬೇಗ ಕರೆಸಿಕೊಳ್ಳಲಿ’ ಎಂಬ ಮಾತು ಹೊರಡುವುದುಂಟು. ಕೇಳಿದವರು ಅದನ್ನು ವೈರಾಗ್ಯವೆಂದು ತಿಳಿದು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗುವುದು ಯುಕ್ತವೇ ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

2017ರ ಡಿಸೆಂಬರಿನಲ್ಲಿ ಇದೇ ಮುಂಬಯಿಯ, ಮಕ್ಕಳಿಲ್ಲದ ವೃದ್ಧ ದಂಪತಿಗಳು ರಾಷ್ಟ್ರಪತಿಗಳಿಗೆ ಪತ್ರ ಬರೆದು ಮರಣಕ್ಕೆ ಅನುಮತಿ ಬೇಡಿದರು. ಅವರಿಗೆ ಪ್ರಾಣಾಂತಿಕ ರೋಗವಿರಲಿಲ್ಲ. ತಮ್ಮಿಂದ ಸಮಾಜಕ್ಕೆ ಇನ್ನು ಉಪಯೋಗವಿಲ್ಲವೆಂಬುದೇ ಅವರ ವಾದವಾಗಿತ್ತು. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯವು, ಗುಣವಾಗುವ ಆಸೆಯಿಲ್ಲದ ರೋಗಿಗೆ ಕೃತಕ ಜೀವಾಧಾರವನ್ನು ನಿಲ್ಲಿಸಲು ನಿಯಮಬದ್ಧವಾಗಿ ಅವಕಾಶವಿತ್ತಿತು. ಆದರೆ ಬದುಕು ಬೇಸರವಾದ ನಿರೋಗಿಗೆ ಮರಣವನ್ನೀಯುವ ಮಾರ್ಗವನ್ನು ಅದು ತೆರೆಯಲಿಲ್ಲ.

ಬದುಕುವ ಇಚ್ಛೆಯನ್ನು ಅಳೆಯಲಾದೀತೇ? ವಿದ್ವಾಂಸರು ಯತ್ನಿಸಿದ್ದಾರೆ. ಇಸ್ರೇಲಿನ ಸಾರಾ ಕಾರ್ಮೆಲ್ ಅವರು ವೃದ್ಧರನ್ನು ಸರಳ ಪ್ರಶ್ನೆಗಳಿಂದ ಕೇಳಿ ಅಳೆದರು. ಕೆನಡಾದ ವೈದ್ಯ ಹಾರ್ವೆ ಚೋಚಿನೋವ್ ಮತ್ತು ಸಂಗಡಿಗರು ಕೊನೆಯ ಹಂತದಲ್ಲಿದ್ದ 168 ಕ್ಯಾನ್ಸರ್ ರೋಗಿಗಳಿಂದ ದಿನಕ್ಕೆರಡು ಬಾರಿ ಒಂದು ಗೆರೆಯ ಮೇಲೆ ಗುರುತು ಮಾಡಿಸಿದರು. 1999ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡುಬಂದದ್ದೇನು? ಹನ್ನೆರಡು ಗಂಟೆಗಳೊಳಗೇ ಅನೇಕರ ಇಚ್ಛೆ ಬಹಳ ಏರಿಳಿಯುತ್ತಿತ್ತು. ಆತಂಕ, ಖಿನ್ನತೆ, ಉಸಿರಿನ ಕಷ್ಟ ಇವುಗಳೊಡನೆ ಆ ಏರಿಳಿತ ಬೆರೆತಿತ್ತು. ಎಂದರೆ, ಬೆಳಿಗ್ಗೆ ‘ಸಾಕು’ ಎಂದವರು ಸಂಜೆಯೂ ಹಾಗೆಯೇ ಎನ್ನುವರೆಂಬ ನಿಶ್ಚಯವಿಲ್ಲ.

ನಮ್ಮ ಶಾಸ್ತ್ರವು ಬದುಕುವ ಇಚ್ಛೆಯನ್ನು ದೋಷವೆನ್ನುವುದಿಲ್ಲ. ಶ್ರೀಮದಾಚಾರ್ಯರು ಭಾಷ್ಯ ರಚಿಸಿರುವ ಈಶಾವಾಸ್ಯೋಪನಿಷತ್ತಿನ ಎರಡನೆಯ ಮಂತ್ರವು ನೂರು ವರ್ಷದ ಬಾಳನ್ನು ಬಯಸಲು ವಿಧಿಸುತ್ತದೆ. ಆ ಬಯಕೆಗೆ ಕರ್ಮಾಚರಣೆಯನ್ನು ಜೊತೆಗೂಡಿಸುತ್ತದೆ. ಜೀವನು ಅಸ್ವತಂತ್ರ, ಆಯುಸ್ಸು ಶ್ರೀಹರಿಯ ಅಧೀನ. ಕೊಟ್ಟಷ್ಟು ದಿನವನ್ನು ಅವನ ಪೂಜೆಯಾಗಿ ಸಲ್ಲಿಸುವುದು ನಮ್ಮ ಪಾಲಿನದು. ಸೋದೆಯ ಶ್ರೀವಾದಿರಾಜರು ಸಂಪ್ರದಾಯದ ಪ್ರಕಾರ 120 ವರ್ಷ ಬಾಳಿದರು. ಆ ದೀರ್ಘಾಯುಸ್ಸು ಗ್ರಂಥರಚನೆಗೂ ಸಂಚಾರಕ್ಕೂ ಹರಿಸೇವೆಗೂ ಸಂದಿತು.

ಹಾಗಾದರೆ ವೈರಾಗ್ಯವನ್ನೂ ನಿರಾಶೆಯನ್ನೂ ಬೇರ್ಪಡಿಸಿ ತಿಳಿಯುವುದು ಹೇಗೆ? ವಿರಕ್ತನಿಗೆ ಜಪದಲ್ಲಿ, ಪಾರಾಯಣದಲ್ಲಿ ರುಚಿಯುಂಟು. ಮೊಮ್ಮಕ್ಕಳ ಮಾತಿಗೆ ಅವನ ಮುಖ ಅರಳುತ್ತದೆ. ನಿರಾಶನಾದವನಿಗೆ ದೇವರ ಮುಂದೆ ಕೂಡುವುದೂ ಬೇಡ, ಊಟವೂ ಬೇಡ. ಈ ಅರುಚಿ ವಾರಗಟ್ಟಲೆ ನಿಂತರೆ ಅದು ಚಿಕಿತ್ಸೆಗೆ ಒಳಪಡುವ ರೋಗವಾಗಿರಬಹುದು. ಆಗ ವೈದ್ಯರಲ್ಲಿಗೆ ಕರೆದೊಯ್ಯುವುದೇ ಧರ್ಮ. ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ದೂರವಾಣಿಯೂ (14416) ಇದೆ.

ಇನ್ನೊಂದು ಮಾತು. ‘ಅಪ್ಪಾ, ನೀವು ಸುಮ್ಮನೆ ಕೂತಿರಿ’ ಎಂದು ನಾವು ಪ್ರೀತಿಯಿಂದಲೇ ಹಿರಿಯರ ಕೈಯ ಕೆಲಸಗಳನ್ನೆಲ್ಲ ಕಿತ್ತುಕೊಳ್ಳುತ್ತೇವೆ. ‘ನನ್ನಿಂದೇನೂ ಉಪಯೋಗವಿಲ್ಲ’ ಎಂಬ ಭಾವ ಅಲ್ಲಿಯೂ ಮೊಳೆಯುತ್ತದೆ. ನಿತ್ಯ ಪಂಚಾಂಗ ಓದುವುದು, ತುಳಸಿಗೆ ನೀರೆರೆಯುವುದು, ಹೂ ಕಟ್ಟುವುದು, ಮಕ್ಕಳಿಗೆ ಸ್ತೋತ್ರ ಹೇಳಿಕೊಡುವುದು ಇವು ಅವರ ಪಾಲಿಗಿರಲಿ. ಅವರಿಲ್ಲದೆ ಮನೆಯ ಆ ಕೆಲಸ ನಡೆಯದಂತಿರಲಿ. ಬೆಳಿಗ್ಗೆ ‘ಸಾಕು’ ಎಂದು ಕೇಳಿದ ಕಿವಿ ಸಂಜೆ ಮತ್ತೊಮ್ಮೆ ಅವರ ಬಳಿ ಕುಳಿತು ಕೇಳಲಿ.

ಶ್ರೀಕೃಷ್ಣಾರ್ಪಣಮಸ್ತು.